ಕೆಲಸ ಹುಡುಕುವ ದಿನಗಳಲ್ಲಿ ನಿಮಗೆ ಖುಷಿ ಕೊಡುವ ಸಣ್ಣಪುಟ್ಟ ಸಂಗತಿ ಯಾವುದು?

ಸಪ್ತಾಪುರದ ಓದುಗಿತ್ತಿ

ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯ ಹಳ್ಳಿಯವಳು. ಈಗ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಯಾವ ಪುಸ್ತಕ ಓದಬೇಕು, ಕಟ್‌ಆಫ್ ಎಷ್ಟಕ್ಕೆ ನಿಲ್ಲಬಹುದು ಅಂತೆಲ್ಲ ನಾವು ದಿನಾ ಮಾತಾಡುತ್ತೇವೆ. ಇವತ್ತು ಕೇಳಬೇಕೆಂದಿರುವುದು ಬೇರೆ. ಕಾಯುವ ಈ ದಿನಗಳಲ್ಲಿ ನೀವು ಏನು ತಿನ್ನುತ್ತೀರಿ? ಎಲ್ಲಿ ಓಡಾಡುತ್ತೀರಿ? ಯಾವುದಕ್ಕೆ ಮನಸ್ಸು ಬಿಚ್ಚಿ ನಗುತ್ತೀರಿ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಕೆಲಸ ಸಿಗುವ ತನಕ ಸಂತೋಷವಾಗಿ ಇರಲೇಬಾರದು ಅಂತ ನಮ್ಮ ಸುತ್ತಲಿನವರು ನಂಬಿಬಿಟ್ಟಿದ್ದಾರೆ. ಊರಿನ ಜಾತ್ರೆಗೆ ಹೋದರೆ "ಓದೋದು ಬಿಟ್ಟು ಜಾತ್ರಿಗೆ ಬಂದಿಯೇನವ್ವ?" ಎನ್ನುತ್ತಾರೆ. ಹೊಸ ಚೂಡಿದಾರ ಹಾಕಿಕೊಂಡರೆ ರೊಕ್ಕ ಎಲ್ಲಿಂದ ಬಂತು ಅಂತ ನೋಡುತ್ತಾರೆ. ಕೇಳಿ ಕೇಳಿ ನಾವೂ ಅದನ್ನೇ ಒಪ್ಪಿಕೊಂಡಿದ್ದೇವೆ. ನನ್ನ ಜೊತೆ ರೂಮಿನಲ್ಲಿರುವ ಹುಡುಗಿ ತನ್ನ ಹುಟ್ಟುಹಬ್ಬವನ್ನು "ಆರ್ಡರ್ ಕಾಪಿ ಕೈಗೆ ಬಂದ ಮೇಲೆ ಮಾಡೋಣ" ಎಂದು ಪ್ರತಿ ವರ್ಷ ಮುಂದಕ್ಕೆ ಹಾಕುತ್ತಾಳೆ.

ಈ ಕಾಯುವಿಕೆ ನಮ್ಮ ಕೈಯಲ್ಲಿ ಇಲ್ಲ ಅಲ್ವಾ? ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸಬಾರದು ಎಂದು 2024ರ ಅಕ್ಟೋಬರ್ ಕೊನೆಯಲ್ಲಿ ಸಚಿವ ಸಂಪುಟ ನಿರ್ಧಾರ ಮಾಡಿತು. ಒಳಮೀಸಲಾತಿ ಬೇಕಾದದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಸಂಪುಟದಲ್ಲಿ ಅದು ತೀರ್ಮಾನ ಆಗಿದ್ದು 2025ರ ಆಗಸ್ಟ್‌ನಲ್ಲಿ. ಅಷ್ಟು ಕಾಲ ಸಪ್ತಾಪುರದ ಓಣಿಗಳಲ್ಲಿ ಸಾವಿರಾರು ಹುಡುಗ ಹುಡುಗಿಯರು ಓದಿದ್ದನ್ನೇ ಮತ್ತೆ ಓದಿದರು. ಅಷ್ಟು ದಿನ ಯಾರೂ ನಗಬಾರದಿತ್ತು, ಯಾರೂ ಹೋಳಿಗೆ ತಿನ್ನಬಾರದಿತ್ತು ಎಂದರೆ ನಾನು ಒಪ್ಪುವುದಿಲ್ಲ.

ನನ್ನ ಖುಷಿಗಳನ್ನು ಹೇಳುತ್ತೇನೆ. ಬೆಳಗ್ಗೆ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನದಲ್ಲಿ ನಡೆಯುವುದು. ಅಲ್ಲಿ ಪಿಎಸ್‌ಐ, ಕಾನ್‌ಸ್ಟೇಬಲ್ ಕೆಲಸಕ್ಕೆ ತಯಾರಾಗುವ ಹುಡುಗರು ಓಡುತ್ತಿರುತ್ತಾರೆ, ನಿವೃತ್ತ ಮೇಷ್ಟ್ರುಗಳು ರಾಜಕೀಯ ಮಾತಾಡುತ್ತಾ ನಡೆಯುತ್ತಿರುತ್ತಾರೆ. ಆಮೇಲೆ ರೀಡಿಂಗ್ ರೂಮಿನಲ್ಲಿ ಪೇಪರ್ ಹಂಚಿಕೊಂಡು ಓದುವುದು. ಒಂದೇ ಪ್ರತಿ ಇರುವುದರಿಂದ ಹಾಳೆ ಬಿಡಿಸಿ ಹಂಚಿಕೊಳ್ಳುತ್ತೇವೆ. ಸಂಪಾದಕೀಯದ ಹಾಳೆಗೆ ಎಲ್ಲರೂ ಕಾಯುತ್ತಾರೆ. ನಾನು ಮೊದಲು ಪದಬಂಧದ ಹಾಳೆ ಹಿಡಿಯುತ್ತೇನೆ. ಅದರಿಂದ ಒಂದು ಮಾರ್ಕ್ಸೂ ಬರುವುದಿಲ್ಲ. ಆದರೂ ಕೊನೆಯ ಚೌಕ ತುಂಬಿದಾಗ ಆಗುವ ಸಂತೋಷ ನಿಜವಾದದ್ದು.

ಭಾನುವಾರ ಸಂಜೆ ಗಿರಮಿಟ್, ಅದರ ಪಕ್ಕಕ್ಕೆ ಒಂದು ಬಿಸಿ ಮಿರ್ಚಿ. ಚುರಮುರಿಗೆ ಒಗ್ಗರಣೆ ಕಲಸಿ, ಮೇಲೆ ಪುಠಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ ಉದುರಿಸಿ ಕೈಗೆ ಕೊಟ್ಟ ತಕ್ಷಣ ತಿನ್ನಬೇಕು. ತಡ ಮಾಡಿದರೆ ಮೆತ್ತಗಾಗುತ್ತದೆ. ನಾವು ನಾಲ್ಕು ಜನ ಗೆಳತಿಯರು ನಿಂತಲ್ಲೇ ತಿಂದು ಕೆಲಗೇರಿ ಕೆರೆ ಕಡೆ ನಡೆಯುತ್ತೇವೆ. ಆ ಹೊತ್ತಿನಲ್ಲಿ ಓದಿನ ಮಾತು ಆಡಬಾರದು ಅಂತ ನಿಯಮ ಮಾಡಿಕೊಂಡಿದ್ದೇವೆ. ಮಳೆಗಾಲದಲ್ಲಿ ಧಾರವಾಡ ಎಷ್ಟು ಚೆಂದ ಅಂತ ಇಲ್ಲಿ ಇದ್ದವರಿಗೇ ಗೊತ್ತು. ಜಿಟಿಜಿಟಿ ಮಳೆ ವಾರಗಟ್ಟಲೆ ಬಿಡುವುದಿಲ್ಲ. ಬಟ್ಟೆ ಒಣಗುವುದಿಲ್ಲ, ರೂಮಿನಲ್ಲಿ ಮುಗ್ಗಲು ವಾಸನೆ. ಆದರೂ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಝುಣಕ ಬಡಿಸಿದಾಗ ಎಲ್ಲ ಮರೆಯುತ್ತದೆ.

ಈಗ ನೀವು ಹೇಳಿ.

ಹಂಪಿನಗರ

ಅಕ್ಕ, ಓದುತ್ತಾ ಓದುತ್ತಾ ನಾನೇ ಬರೆದ ಹಾಗಿದೆ ಅನಿಸಿತು. ನಾನು ಬೆಂಗಳೂರಿನ ವಿಜಯನಗರದಲ್ಲಿದ್ದೇನೆ. ಊರು ಚಳ್ಳಕೆರೆ ಹತ್ತಿರ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯ ನನ್ನ ಹಗಲಿನ ಮನೆ. ಬೆಳಗ್ಗೆ ಬಾಗಿಲು ತೆರೆಯುವ ಮುಂಚೆ ನಿಂತರೆ ಕಿಟಕಿ ಪಕ್ಕದ ಜಾಗ ಸಿಗುತ್ತದೆ. ಆ ಜಾಗ ಸಿಕ್ಕ ದಿನ ನನಗೆ ಹಬ್ಬ. ಗಾಳಿ ಬರುತ್ತದೆ, ಮಧ್ಯಾಹ್ನ ನಿದ್ದೆ ಹತ್ತುವುದಿಲ್ಲ.

ಹೊಟ್ಟೆಯ ವಿಷಯ ಹೇಳುತ್ತೇನೆ. ಇಂದಿರಾ ಕ್ಯಾಂಟೀನ್ 2017ರಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಅಂತ ಇಟ್ಟರು. ಆ ದರ ನಮ್ಮಂಥವರ ತಿಂಗಳ ಲೆಕ್ಕವನ್ನೇ ಬದಲಾಯಿಸಿತು. ಖಾರಾಬಾತ್ ಬಿಸಿ ಇದ್ದ ದಿನ ನಿಜಕ್ಕೂ ಚೆನ್ನಾಗಿರುತ್ತದೆ. ಅಲ್ಲಿ ನನ್ನ ಪಕ್ಕ ಗಾರೆ ಕೆಲಸದವರು, ಆಟೋ ಅಣ್ಣಂದಿರು, ಸೆಕ್ಯುರಿಟಿ ಅಂಕಲ್‌ಗಳು ನಿಂತು ತಿನ್ನುತ್ತಾರೆ. "ಏನ್ ಓದ್ತಿದೀಯಪ್ಪ?" ಅಂತ ಕೇಳುತ್ತಾರೆ. "ಕೆಲಸ ಆಯ್ತಾ?" ಅಂತ ಕೇಳುವುದಿಲ್ಲ. ಈ ವ್ಯತ್ಯಾಸ ನನಗೆ ತುಂಬಾ ದೊಡ್ಡದು.

ಬೆಂಗಳೂರಲ್ಲಿ ದುಡ್ಡಿಲ್ಲದೆ ಏನೂ ಆಗಲ್ಲ ಎನ್ನುವವರಿಗೆ ಒಂದು ಮಾತು. ಕಾರ್ತಿಕ ಮಾಸದ ಕಡೇ ಸೋಮವಾರದ ಹೊತ್ತಿಗೆ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ. ಒಂದು ಸೇರು ಹುರಿದ ಕಡಲೆಕಾಯಿ ತಗೊಂಡು ಬ್ಯೂಗಲ್ ರಾಕ್ ಮೇಲೆ ಕೂತರೆ ಸಂಜೆ ಕಳೆದದ್ದೇ ಗೊತ್ತಾಗುವುದಿಲ್ಲ. ರಾಮನವಮಿ ದಿನ ಬೀದಿ ಬೀದಿಯಲ್ಲಿ ಪಾನಕ, ಕೋಸಂಬರಿ, ಮಜ್ಜಿಗೆ. ಯಾರನ್ನೂ ಯಾರೂ ನೀನು ಯಾರು ಎಂದು ಕೇಳುವುದಿಲ್ಲ. ಕಬ್ಬನ್ ಪಾರ್ಕಿನ ಒಳಗೆ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಇದೆಯಲ್ಲ, ಅಲ್ಲಿರುವುದು ರಾಜ್ಯ ಕೇಂದ್ರ ಗ್ರಂಥಾಲಯ. ಪರೀಕ್ಷೆಯ ಪುಸ್ತಕ ಬೇಸರವಾದಾಗ ಅಲ್ಲಿಗೆ ಹೋಗಿ ಸುಮ್ನೆ ಕಥೆ, ಕಾದಂಬರಿ ಓದಿ ಬರುತ್ತೇನೆ.

ಕುಕ್ಕರಹಳ್ಳಿ ಕೆರೆ ಏರಿ

ನೀವೆಲ್ಲ ನನ್ನ ತಮ್ಮ, ತಂಗಿಯರ ವಯಸ್ಸಿನವರು. ನನಗೆ ನಲವತ್ತು ದಾಟಿದೆ. ಮೈಸೂರಿನಲ್ಲಿ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಆ ವಿಭಾಗವನ್ನೇ ಮುಚ್ಚಿದರು. ಈಗ ಬಿಡಿ ಕೆಲಸ ಮಾಡುತ್ತಾ ಪೂರ್ತಿ ಕೆಲಸ ಹುಡುಕುತ್ತಿದ್ದೇನೆ. ಎರಡು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆದುಕೊಡುತ್ತೇನೆ. ಅದರಿಂದ ಮನೆ ನಡೆಯುವುದಿಲ್ಲ, ತರಕಾರಿ ಹಾಲಿಗೆ ಆಗುತ್ತದೆ. ಹೆಂಡತಿಯ ಸಂಬಳದಲ್ಲಿ ಬಾಡಿಗೆ ಹೋಗುತ್ತದೆ.

ಈ ವಯಸ್ಸಿನಲ್ಲಿ ಕೆಲಸ ಇಲ್ಲದಿರುವುದು ಬೇರೆ ಥರ. ಓದುವವರಿಗೆ "ಓದ್ತಿದೀನಿ" ಎಂದು ಹೇಳಲು ಒಂದು ಮಾತಾದರೂ ಇದೆ. ನಮಗೆ ಅದೂ ಇಲ್ಲ. ಬೆಳಗ್ಗೆ ಒಂಬತ್ತರ ಮೇಲೆ ಬೀದಿಯಲ್ಲಿ ಕಂಡರೆ "ರಜಾನಾ ಸಾರ್?" ಎನ್ನುತ್ತಾರೆ. ಇಂಟರ್‌ವ್ಯೂಗಳಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು ಎದುರಿಗೆ ಕೂತಿರುತ್ತಾರೆ. "ನಿಮ್ಮ ಅನುಭವ ಜಾಸ್ತಿ ಆಯ್ತು ಸರ್" ಎಂದು ನಯವಾಗಿ ಹೇಳಿ ಕಳಿಸುತ್ತಾರೆ.

ಆದರೆ ಒಂದು ಮಾತನ್ನು ಮನಸ್ಸಿನಿಂದ ಹೇಳುತ್ತೇನೆ. ನನ್ನ ಮಗಳ ಜೊತೆ ಇಷ್ಟು ಹೊತ್ತು ನಾನು ಯಾವತ್ತೂ ಕಳೆದಿರಲಿಲ್ಲ. ಮುಂಚೆ ರಾತ್ರಿ ಮನೆಗೆ ಬರುವಾಗ ಅವಳು ನಿದ್ದೆ ಮಾಡಿರುತ್ತಿದ್ದಳು. ಈಗ ಸ್ಕೂಲಿಂದ ಬಂದ ತಕ್ಷಣ ಬ್ಯಾಗ್ ಎಸೆದು "ಅಪ್ಪಾ, ಇವತ್ತು ಏನಾಯ್ತು ಗೊತ್ತಾ?" ಅಂತ ಶುರು ಮಾಡುತ್ತಾಳೆ. ಅವಳಿಗೆ ಡಬ್ಬಿ ಕಟ್ಟುವುದು ನನ್ನ ಕೆಲಸ. ಒಗ್ಗರಣೆಗೆ ಸಾಸಿವೆ ಚಟಪಟ ಅಂದ ಮೇಲೇ ಕರಿಬೇವು ಹಾಕಬೇಕು, ಚಿತ್ರಾನ್ನಕ್ಕೆ ನಿಂಬೆಹಣ್ಣು ಒಲೆ ಆರಿಸಿದ ಮೇಲೇ ಹಿಂಡಬೇಕು ಅಂತ ಈಗ ಗೊತ್ತಾಗಿದೆ. ಡಬ್ಬಿ ಖಾಲಿಯಾಗಿ ಬಂದ ದಿನ ತುಂಬಾ ಸಮಾಧಾನ.

ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಇಬ್ಬರೂ ನಡೆಯುತ್ತೇವೆ. ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದನ್ನು ನೋಡುವುದು ಅವಳಿಗೆ ಬಹಳ ಇಷ್ಟ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7ಕ್ಕೆ ಅರಮನೆಗೆ ದೀಪ ಹಾಕುತ್ತಾರೆ. ಹತ್ತಿರತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತುತ್ತವೆ. ಹೊರಗೆ ನಿಂತು ನೋಡಿದರೂ ಸಾಕು. ಅದನ್ನು ನೋಡಿಯೇ ಬೆಳೆದವನು ನಾನು. ಆದರೂ ಮಗಳು "ಈಗ... ಈಗ..." ಎಂದು ನನ್ನ ಕೈ ಅದುಮುತ್ತಾ ಕಾಯುವಾಗ ನನಗೂ ಹೊಸದೇ ಅನಿಸುತ್ತದೆ.

ಕೆಲಸ ಬೇಕು. ನಾಳೆಯೇ ಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಈ ದಿನಗಳನ್ನು ಬರೀ ಕೆಟ್ಟ ಕಾಲ ಎಂದು ಕರೆಯಲು ನನ್ನಿಂದ ಆಗುವುದಿಲ್ಲ.

ಹಾವೇರಿ ಟೀಚರ್

ಅಣ್ಣಾವ್ರೆ, ನಿಮ್ಮ ಮಗಳ ಡಬ್ಬಿ ವಿಷಯ ಓದಿ ಕಣ್ಣು ತುಂಬಿತು. ನಾನು ಅತಿಥಿ ಶಿಕ್ಷಕಿ. ಮಕ್ಕಳ ಡಬ್ಬಿಯಲ್ಲಿ ಅಪ್ಪ ಕಟ್ಟಿದ್ದು ಯಾವುದು ಅಂತ ನನಗೆ ಗೊತ್ತಾಗುತ್ತದೆ, ಆ ಮಗು ಎಲ್ಲರಿಗೂ ತೋರಿಸುತ್ತಾ ತಿನ್ನುತ್ತದೆ!

ಕ್ಲರ್ಕ್ ಆದವನು

ಎಲ್ಲರ ಮಾತೂ ಚೆನ್ನಾಗಿದೆ. ಆದರೆ ನಾನು ಬೇರೆ ಅಭಿಪ್ರಾಯ ಹೇಳಲೇಬೇಕು. ನಾನೂ ಸಪ್ತಾಪುರದಲ್ಲೇ ಇದ್ದವನು, ಈಗ ಬ್ಯಾಂಕಿನಲ್ಲಿ ಕ್ಲರ್ಕ್. ನನ್ನ ಜೊತೆ ಓದಿದವರಲ್ಲಿ ಕೆಲವರು ಈ "ಸಣ್ಣ ಖುಷಿ"ಗಳಲ್ಲೇ ವರ್ಷ ಕಳೆದರು. ಬೆಳಗ್ಗೆ ಚಹಾ ಕುಡಿಯಲು ಹೋದರೆ ಹನ್ನೊಂದು ಗಂಟೆ. ಮಧ್ಯಾಹ್ನ ಕ್ರಿಕೆಟ್. ರಾತ್ರಿ ಯಾರದೋ ರೂಮಿನಲ್ಲಿ ಹರಟೆ. ವಯೋಮಿತಿ ಅಂತ ಒಂದಿದೆಯಲ್ಲ? ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಎಸ್‌ಸಿ, ಎಸ್‌ಟಿ, ಪ್ರವರ್ಗ 1ಕ್ಕೆ 40 ಎಂದು ವರ್ಷಗಟ್ಟಲೆ ಇತ್ತು. ನಡುವೆ ಒಂದು ಸಲದ ಸಡಿಲಿಕೆ ಕೊಟ್ಟರು ನಿಜ. ಅದನ್ನೇ ನಂಬಿ ಕೂರಲು ಆಗುತ್ತದೆಯೇ? ಊರಲ್ಲಿ ಅಪ್ಪ ಅವ್ವ ಹೊಲ ಅಡವಿಟ್ಟು ರೊಕ್ಕ ಕಳಿಸುತ್ತಿರುತ್ತಾರೆ. ನಮಗೆ ಕೆರೆ ದಂಡೆ ಯಾಕೆ ಬೇಕು ಅಂತ ನಾನು ಕೇಳುತ್ತೇನೆ. ಬೈಯಲು ಹೇಳುತ್ತಿಲ್ಲ, ಕಾಳಜಿಯಿಂದ ಹೇಳುತ್ತಿದ್ದೇನೆ.

ಸಪ್ತಾಪುರದ ಓದುಗಿತ್ತಿ

ಅಣ್ಣ, ನಿಮ್ಮ ಕಾಳಜಿ ಗೊತ್ತಾಗುತ್ತದೆ. ಮನೆಯವರು ಕಳಿಸುವ ರೊಕ್ಕದ ಭಾರ ನನ್ನ ತಲೆ ಮೇಲೂ ಇದೆ. ಆದರೆ ನೀವು ಹೇಳಿದ ಹುಡುಗರು ಖುಷಿಯಿಂದ ಹಾಳಾದರು ಅಂತ ನನಗೆ ಅನಿಸುವುದಿಲ್ಲ. ಪುಸ್ತಕ ತೆರೆಯಲು ಭಯ ಆದಾಗ ಜನ ಚಹಾ ಅಂಗಡಿಯಲ್ಲಿ ಗಂಟೆಗಟ್ಟಲೆ ಕೂರುತ್ತಾರೆ. ನಮ್ಮ ರೀಡಿಂಗ್ ರೂಮಿನಲ್ಲೇ ನೋಡಿದ್ದೇನೆ. ಫಲಿತಾಂಶ ಬಂದು ಹೆಸರು ಇಲ್ಲದಿದ್ದಾಗ ಒಬ್ಬಳು ವಾರಗಟ್ಟಲೆ ಮೊಬೈಲ್ ಬಿಟ್ಟು ಏಳಲಿಲ್ಲ. ಅವಳು ಅದನ್ನು ಇಷ್ಟಪಟ್ಟು ಮಾಡುತ್ತಿರಲಿಲ್ಲ. ಅವಳನ್ನು ನಾವು ಕೆಲಗೇರಿಗೆ ಎಳೆದುಕೊಂಡು ಹೋದೆವು. ಮೊದಲ ದಿನ ಬಾಯಿ ಬಿಡಲಿಲ್ಲ. ಆಮೇಲೆ ಮಿರ್ಚಿ ಖಾರ ಆಯ್ತು ಅಂತ ಜಗಳ ತೆಗೆದಳು. ಈಗ ಮತ್ತೆ ಓದುತ್ತಿದ್ದಾಳೆ. ಒಂದು ತಾಸಿನ ನಡಿಗೆಯಿಂದ ಅವ್ವನ ರೊಕ್ಕ ಹಾಳಾಗುವುದಿಲ್ಲ ಅಣ್ಣ.

ಕ್ಲರ್ಕ್ ಆದವನು

ಸರಿ ತಂಗಿ. ನೀವು ಹೇಳಿದ್ದರಲ್ಲಿ ಅರ್ಥ ಇದೆ. ಒಂದು ತಾಸು, ಆಮೇಲೆ ಪುಸ್ತಕ. ಅಷ್ಟು ಶಿಸ್ತು ಇರಲಿ ಅಂತಷ್ಟೇ ನನ್ನ ಮಾತು.

ಕಾಯಕ ಬಂಧು, ಕೊಪ್ಪಳ ಜಿಲ್ಲೆ

ನೀವೆಲ್ಲ ಊರು ಬಿಟ್ಟು ಪಟ್ಟಣದಲ್ಲಿ ಇದ್ದೀರಿ. ನಾನು ಬಿಎ ಮುಗಿಸಿ ಊರಲ್ಲೇ ಇದ್ದೇನೆ. ಅವ್ವನಿಗೆ ಆರಾಮ ಇಲ್ಲ, ಬಿಟ್ಟು ಹೋಗಲು ಆಗಲಿಲ್ಲ. ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧುವಾಗಿ ಕೆಲಸ ಮಾಡಿದ್ದೇನೆ. ಅಂದರೆ ಕೂಲಿಕಾರರ ಗುಂಪು ಕಟ್ಟುವುದು, ಬೆಳಗ್ಗೆ ಮತ್ತು ಮಧ್ಯಾಹ್ನ ಮೊಬೈಲಿನಲ್ಲಿ ಫೋಟೊ ತೆಗೆದು ಹಾಜರಿ ಹಾಕುವುದು, ಅಳತೆ ನೋಡುವುದು. 2025ರಲ್ಲಿ ನಮ್ಮ ರಾಜ್ಯದಲ್ಲಿ ಕೂಲಿ ದಿನಕ್ಕೆ 370 ರೂಪಾಯಿ ಆಯಿತು. ಇದು ಕಾಯಂ ಕೆಲಸ ಅಲ್ಲ. ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ತೆಗೆದರೆ ಉಂಟು, ಇಲ್ಲದಿದ್ದರೆ ಮನೆ.

ಬೇಸಿಗೆಯಲ್ಲಿ ಕೆರೆ ಹೂಳೆತ್ತುವ ಕೆಲಸ ಇರುತ್ತದೆ. ನಸುಕಿನಲ್ಲೇ ಹೋಗಿ ಬಿಸಿಲು ಏರುವ ಮುಂಚೆ ಗುಂಡಿ ಮುಗಿಸಲು ನೋಡುತ್ತಾರೆ. ಆಮೇಲೆ ಜಾಲಿ ಮರದ ಕೆಳಗೆ ಬುತ್ತಿ ಬಿಚ್ಚುವ ಹೊತ್ತು. ಒಬ್ಬರ ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಇನ್ನೊಬ್ಬರದರಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ. ಎಲ್ಲರ ಬುತ್ತಿಯಿಂದಲೂ ನನಗೆ ಒಂದೊಂದು ತುತ್ತು ಬರುತ್ತದೆ. "ತಿನ್ನವ್ವ, ನೀನು ಬರಕೊಂಡರ ಅಲ್ಲೇನು ನಮ್ಮ ಪಗಾರ ಬರೂದು" ಅಂತ ಹಿರಿಯ ಆಯಿ ಒಬ್ಬರು ಪ್ರೀತಿಯಿಂದ ಕೊಡುತ್ತಾರೆ. ಆಮೇಲೆ ಹಾಡು ಶುರು. ಬೀಸುವ ಕಲ್ಲಿನ ಹಾಡು, ಸೋಬಾನೆ ಹಾಡು ಒಂದೊಂದಾಗಿ ಬರುತ್ತವೆ. ನಾನು ಡಿಗ್ರಿ ಓದಿದವಳು, ಅವರ ಹಾಡು ನನಗೆ ಬರುವುದಿಲ್ಲ. ಬರೆದುಕೊಳ್ಳಲು ಶುರು ಮಾಡಿದ್ದೇನೆ. ಒಂದು ನೋಟ್‌ಬುಕ್ ತುಂಬಿದೆ.

ಗ್ರಾಮ ಪಂಚಾಯಿತಿ ಲೈಬ್ರರಿಗೆ ಈಗ ಅರಿವು ಕೇಂದ್ರ ಎನ್ನುತ್ತಾರೆ. ಸಂಜೆ ಅಲ್ಲಿ ಕೂತು ಓದುತ್ತೇನೆ. ಮುಂದಿನ ಗ್ರಂಥಪಾಲಕರ ಹುದ್ದೆ ಮೇಲೆ ನನಗೆ ಆಸೆ ಇದೆ. ನೋಡೋಣ.

ಹಂಪಿನಗರ

ಅಕ್ಕ, ಆ ನೋಟ್‌ಬುಕ್ ದಯವಿಟ್ಟು ಜೋಪಾನವಾಗಿ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ದನಿ ರೆಕಾರ್ಡ್ ಮಾಡಿ. ಹಾಡಿದವರ ಹೆಸರು, ಊರು ಬರೆದಿಡಿ. ನಮ್ಮ ಅಜ್ಜಿ ಹಾಡುತ್ತಿದ್ದ ಒಂದು ಸಾಲೂ ಈಗ ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ರಾತ್ರಿ ಪಾಳಿ ಬೈಕ್

ನಾನು ಡಿಪ್ಲೊಮಾ ಮೆಕ್ಯಾನಿಕಲ್. ಬೆಂಗಳೂರಿನಲ್ಲಿ ಊಟ ಡೆಲಿವರಿ ಮಾಡುತ್ತೇನೆ. ಮನೆಯವರಿಗೆ ಇದು ಕೆಲಸ ಅಲ್ಲ. ಪೆಟ್ರೋಲ್, ಬೈಕ್ ರಿಪೇರಿ ಎಲ್ಲ ನನ್ನ ಕೈಯಿಂದ, ನಾಳೆ ಐಡಿ ಬ್ಲಾಕ್ ಮಾಡಿದರೆ ಕೇಳುವವರಿಲ್ಲ. ಗಿಗ್ ಕಾರ್ಮಿಕರಿಗೆ, ಅಂದರೆ ನಮ್ಮ ಹಾಗೆ ಆ್ಯಪ್ ಮೂಲಕ ದುಡಿಯುವವರಿಗೆ ಅಂತ 2025ರಲ್ಲಿ ನಮ್ಮ ರಾಜ್ಯ ಕಾಯ್ದೆ ಮಾಡಿದೆ. ಪ್ರತಿ ಕೆಲಸಕ್ಕೆ ನಮಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕಾರಣ ಹೇಳದೆ ಕೆಲಸದಿಂದ ತೆಗೆಯಬಾರದು ಅಂತಲೂ ಅದರಲ್ಲಿ ಇದೆ. ಅದು ಪೂರ್ತಿ ಜಾರಿಗೆ ಬರಲಿ ಅಂತ ಕಾಯುತ್ತಿರುವವರಲ್ಲಿ ನಾನೂ ಒಬ್ಬ. ಇದರ ಮಧ್ಯೆ ಕಾರ್ಖಾನೆಗಳಿಗೆ ಅರ್ಜಿ ಹಾಕುತ್ತಿದ್ದೇನೆ.

ಖುಷಿ ಅಂದರೆ ಮಧ್ಯರಾತ್ರಿಯ ಖಾಲಿ ರಸ್ತೆ. ಹಗಲಿನ ಬೆಂಗಳೂರು ಬೇರೆ, ರಾತ್ರಿ ಒಂದು ಗಂಟೆಯ ಬೆಂಗಳೂರೇ ಬೇರೆ. ಸಿಗ್ನಲ್ ಹಳದಿ ಮಿಣುಕುತ್ತಿರುತ್ತದೆ, ತಂಪು ಗಾಳಿ, ಮಾರ್ಚ್ ಏಪ್ರಿಲ್‌ನಲ್ಲಿ ಹೊಂಗೆ ಹೂವಿನ ವಾಸನೆ. ಕೊನೆಯ ಆರ್ಡರ್ ಮುಗಿಸಿ ನಾವು ಮೂರ್ನಾಲ್ಕು ಜನ ಒಂದು ಕಡೆ ಸೇರುತ್ತೇವೆ. ಒಬ್ಬ ಮಂಡ್ಯದವನು, ಒಬ್ಬ ರಾಯಚೂರಿನವನು, ಇನ್ನೊಬ್ಬ ಒಡಿಶಾದ ಹುಡುಗ. ಒಡಿಶಾದವನು ಈಗ "ಬಾ ಗುರು, ಟೀ ಕುಡಿ" ಅಂತ ಕನ್ನಡದಲ್ಲಿ ಕರೆಯುತ್ತಾನೆ. ಸೈಕಲ್ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಬರುವ ಅಣ್ಣನ ಶುಂಠಿ ಟೀ. ಹಗಲೆಲ್ಲ ಬೇರೆಯವರ ಊಟ ಹೊತ್ತವರು ನಾವು. ಆ ಹತ್ತು ನಿಮಿಷ ಯಾರೋ ನಮಗಾಗಿ ಬಿಸಿ ಬಿಸಿ ಸುರಿದು ಕೊಡುತ್ತಾರೆ. ಅದು ಬಹಳ ಹಿತ.

ಇನ್ನೊಂದು. ಬಾಗಿಲು ತೆರೆದು "ನೀರು ಬೇಕಾ?" ಎಂದು ಕೇಳುವವರು ಇರುತ್ತಾರೆ. ಕಡಿಮೆ ಜನ, ಆದರೆ ಇದ್ದಾರೆ. ಅವರ ಮನೆ ನನಗೆ ನೆನಪಿರುತ್ತದೆ.

ಉಡುಪಿ ಅಮ್ಮ

ಮಕ್ಕಳೇ, ನಾನು ಕೆಲಸ ಹುಡುಕುತ್ತಿಲ್ಲ. ನನ್ನ ಮಗ ಹುಡುಕುತ್ತಿದ್ದಾನೆ. ದುಬೈನಲ್ಲಿ ಇದ್ದ, ಗುತ್ತಿಗೆ ಮುಗಿದು ಊರಿಗೆ ಬಂದಿದ್ದಾನೆ. ತಾಯಂದಿರ ಕಡೆಯ ಮಾತೂ ಒಂದು ಇರಲಿ ಅಂತ ಬರೆಯುತ್ತಿದ್ದೇನೆ.

ಬಂದ ಮೊದಲ ತಿಂಗಳು ಅವನು ಊಟಕ್ಕೆ ಕೂತರೆ ತಲೆ ತಗ್ಗಿಸುತ್ತಿದ್ದ. ಎರಡನೇ ಸಲ ಸಾರು ಕೇಳುತ್ತಿರಲಿಲ್ಲ. ದುಡಿಯದೆ ತಿನ್ನುತ್ತೇನೆ ಎಂಬ ಸಂಕೋಚ. ಹೆತ್ತ ಮಗ ನಮ್ಮ ಮನೆಯಲ್ಲಿ ನೆಂಟನ ಹಾಗೆ ಕೂತರೆ ತಾಯಿಗೆ ಹೇಗಾಗಬೇಡ? ನಾನು ಅವನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಹಲಸಿನಕಾಯಿ ಕಾಲ. ಒಂದು ಕಾಯಿ ಇಟ್ಟು, ಸೊಳೆ ಬಿಡಿಸು ಮಗಾ ಎಂದೆ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಕೂತ. ಸೊಳೆ ಬೇಯಿಸಿ, ಒರಳಿನಲ್ಲಿ ರುಬ್ಬಿ, ಉಪ್ಪು ಖಾರ ಜೀರಿಗೆ ಹಾಕಿ ಹಪ್ಪಳ ಒತ್ತಿದೆವು. ಅಂಗಳದಲ್ಲಿ ಚಾಪೆ ಹಾಸಿ ಒಣಗಿಸಿದ. ಕಾಗೆ ಓಡಿಸುವುದೂ ಅವನೇ. ಆ ವಾರ ಅವನು ಮೂರನೇ ಸಲ ಸಾರು ಹಾಕಿಸಿಕೊಂಡ.

ಅವನು ಇಲ್ಲದ ವರ್ಷಗಳಲ್ಲಿ ನಾನು ಒಬ್ಬಳೇ ಯಕ್ಷಗಾನಕ್ಕೆ ಹೋಗುತ್ತಿರಲಿಲ್ಲ. ಈಗ ಬಯಲಾಟ ಇದ್ದರೆ ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾನೆ. ಹರಕೆ ಆಟಕ್ಕೆ ಟಿಕೆಟ್ ಇಲ್ಲವಲ್ಲ. ಗದ್ದೆಯಲ್ಲಿ ಕೂತು ಚಂಡೆ ಕೇಳುವುದು, ಮಧ್ಯೆ ಎದ್ದು ಚರುಮುರಿ ತಿನ್ನುವುದು. ಅವನಿಗೆ ಕೆಲಸ ಸಿಗಲಿ ಎಂದು ದಿನಾ ದೇವರಿಗೆ ದೀಪ ಇಡುತ್ತೇನೆ. ಸಿಕ್ಕರೆ ಮತ್ತೆ ದೂರ ಹೋಗುತ್ತಾನೆ ಎಂಬುದೂ ಗೊತ್ತಿದೆ.

ತಂದೆ ತಾಯಂದಿರು ಇದನ್ನು ಓದುತ್ತಿದ್ದರೆ ಒಂದು ಮಾತು. ಬೆಳಗ್ಗೆ ಎದ್ದ ತಕ್ಷಣ "ಏನಾಯ್ತು?" ಎಂದು ಕೇಳಬೇಡಿ. ಏನಾದರೂ ಆಗಿದ್ದರೆ ಅವರೇ ಓಡಿ ಬಂದು ಹೇಳುತ್ತಾರೆ.

ಕುಕ್ಕರಹಳ್ಳಿ ಕೆರೆ ಏರಿ

ಅಮ್ಮಾ, ನಿಮ್ಮ ಕೊನೆಯ ಮಾತನ್ನು ನನ್ನ ಮಾವನವರಿಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ. ಆದರೆ ಇವತ್ತು ಬೆಳಗ್ಗೆ ಕೇಳಲಿಲ್ಲ.

ಹಾವೇರಿ ಟೀಚರ್

ನನ್ನದೂ ಬರೆಯುತ್ತೇನೆ. ಅತಿಥಿ ಶಿಕ್ಷಕರ ಬದುಕು ಎಂದರೆ ಶಾಲೆ ಶುರುವಾದ ಮೇಲೆ ಸೇರುವುದು, ಮಾರ್ಚ್‌ಗೆ ಮುಗಿಯುವುದು. ಗೌರವಧನ ಎಷ್ಟೋ ಸಲ ತಡವಾಗಿ ಬರುತ್ತದೆ. ಮುಂದಿನ ವರ್ಷ ಅದೇ ಶಾಲೆ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಕಾಯಂ ಶಿಕ್ಷಕರು ವರ್ಗವಾಗಿ ಬಂದರೆ ನಾವು ಜಾಗ ಬಿಡಬೇಕು. ಮಕ್ಕಳಿಗೆ ಇದು ಗೊತ್ತಾಗುವುದಿಲ್ಲ. "ಟೀಚರ್, ಏಳನೇ ಕ್ಲಾಸಿಗೂ ನೀವೇ ಬರ್ರಿ" ಎನ್ನುತ್ತವೆ. ನನಗೆ ಅದಕ್ಕಿಂತ ಹೆಚ್ಚಿನ ಮಾತು ಬೇರೆ ಇಲ್ಲ.

ನನ್ನ ದೊಡ್ಡ ಖುಷಿ ಪರೀಕ್ಷೆಯ ಪ್ರಯಾಣ. ಹೌದು, ಪರೀಕ್ಷೆಯದೇ! ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತಲ್ಲ, ಅದಕ್ಕಿಂತ ಮುಂಚೆ ದೂರದ ಕೇಂದ್ರ ಬಂದರೆ ಬಸ್ಸಿನ ರೊಕ್ಕಕ್ಕೆ ಅಪ್ಪನ ಮುಖ ನೋಡಬೇಕಿತ್ತು. ಈಗ ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ತಗೊಂಡು ಸಾಮಾನ್ಯ ಬಸ್ಸಿನಲ್ಲಿ ಹೋಗುತ್ತೇನೆ. ಅವ್ವನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಅವ್ವ ಹಾವೇರಿ, ಹುಬ್ಬಳ್ಳಿ ಬಿಟ್ಟು ಏನೂ ನೋಡಿದವಳಲ್ಲ.

ಒಂದು ಸಲ ವಿಜಯಪುರದಲ್ಲಿ ಕೇಂದ್ರ ಬಿತ್ತು. ನಾನು ಒಳಗೆ ಪರೀಕ್ಷೆ ಬರೆಯುವಾಗ ಅವ್ವ ಹೊರಗೆ ಬೇವಿನ ಮರದ ಕೆಳಗೆ ಬೇರೆ ತಾಯಂದಿರ ಜೊತೆ ಕೂತಿದ್ದಳು. ಪೇಪರ್ ಕಷ್ಟ ಇತ್ತು. ಹೊರಗೆ ಬಂದಾಗ ಅಳು ಬರುವ ಹಾಗಿತ್ತು. ಅವ್ವ ಅದನ್ನು ಕೇಳಲೇ ಇಲ್ಲ. "ನಡಿ, ಗೋಳಗುಮ್ಮಟ ತೋರಸು" ಎಂದಳು. ಆ ಸಣ್ಣ ಸುತ್ತು ಮೆಟ್ಟಿಲುಗಳನ್ನು ಮಂಡಿ ನೋವಿನ ಅವ್ವ ಕೂತು ಕೂತು ಹತ್ತಿದಳು. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಅವಳನ್ನು ಒಂದು ಕಡೆ ನಿಲ್ಲಿಸಿ, ನಾನು ಸುತ್ತಿ ಎದುರಿಗೆ ಹೋಗಿ ಗೋಡೆಗೆ ಬಾಯಿಟ್ಟು "ಅವ್ವಾ" ಎಂದೆ. ಅಷ್ಟು ದೂರದಿಂದ ಅವಳಿಗೆ ಕೇಳಿಸಿತು. ಅವಳು ಹೆದರಿ ಹಿಂದೆ ತಿರುಗಿ ನೋಡಿದಳು. ಆಮೇಲೆ ನಕ್ಕಿದ್ದು ನೋಡಬೇಕಿತ್ತು. ಊರಿಗೆ ಬಂದ ಮೇಲೆ ಓಣಿಯವರಿಗೆಲ್ಲ ಅದೇ ಕಥೆ. ಪರೀಕ್ಷೆ ಏನಾಯಿತು ಎಂದು ಓಣಿಯವರು ಕೇಳುವುದನ್ನೇ ಮರೆತರು.

ಹಾಲ್ ಟಿಕೆಟ್‌ನಲ್ಲಿ ಯಾವ ಊರು ಬಂದರೂ ಈಗ ಮೊದಲು ಅಲ್ಲಿ ಏನು ನೋಡಬಹುದು ಎಂದು ಪಟ್ಟಿ ಮಾಡುತ್ತೇವೆ. ಚಿತ್ರದುರ್ಗದ ಕೋಟೆ ಅವ್ವನ ಪಟ್ಟಿಯಲ್ಲಿದೆ.

ತಿಪಟೂರು

ಬರೀ ಓದುತ್ತಿದ್ದೆ. ಮಾಹಿತಿ ಸೇರಿಸುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

ರೈಲ್ವೆ ಆರ್‌ಆರ್‌ಬಿ ಪರೀಕ್ಷೆಗೆ ಕಟ್ಟಿದ 500 ರೂಪಾಯಿಯಲ್ಲಿ, ಮೊದಲ ಹಂತದ ಪರೀಕ್ಷೆ ಬರೆದರೆ 400 ವಾಪಸ್ ಬರುತ್ತದೆ. ಮಹಿಳೆಯರು, ಎಸ್‌ಸಿ, ಎಸ್‌ಟಿ ಮುಂತಾದವರು ಕಟ್ಟುವ 250 ಪೂರ್ತಿ ವಾಪಸ್ (ಬ್ಯಾಂಕ್ ಶುಲ್ಕ ಕಳೆದು). ಅದಕ್ಕೆ ಬ್ಯಾಂಕ್ ಖಾತೆ ವಿವರ ಸರಿಯಾಗಿ ತುಂಬಿರಬೇಕು. ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ಪರೀಕ್ಷೆಗೆ ಹೋಗಲು ರೈಲಿನ ಎರಡನೇ ದರ್ಜೆಯ ಉಚಿತ ಪಾಸ್ ಕೂಡ ಇದೆ, ಅರ್ಜಿಯಲ್ಲೇ ಕೇಳಿಕೊಳ್ಳಬೇಕು. ಮರೆತೇ ಹೋಗಿದ್ದ 400 ರೂಪಾಯಿ ಖಾತೆಗೆ ಬಂದ ದಿನ ನಾನು ತಂಗಿಗೆ ಹೋಟೆಲಲ್ಲಿ ಮಸಾಲೆ ದೋಸೆ ಕೊಡಿಸಿದೆ.

ಯುವನಿಧಿ ವಿಷಯ. ಪಾಸಾಗಿ 180 ದಿನ ಆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. 2022-23 ಅಥವಾ ಆಮೇಲೆ ಪಾಸಾದವರಿಗೆ ಮಾತ್ರ. ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ. ಸಿಕ್ಕ ಮೇಲೂ ಸ್ವಯಂ ಘೋಷಣೆ ಕೊಡುತ್ತಾ ಇರಬೇಕು, ಇಲ್ಲದಿದ್ದರೆ ಹಣ ನಿಲ್ಲುತ್ತದೆ.

ರಾತ್ರಿ ಪಾಳಿ ಬೈಕ್

ಧನ್ಯವಾದ ಅಣ್ಣ. ಕೈಯಲ್ಲಿ ಒಂದು ವಿದ್ಯೆ ಕಲಿಯಬೇಕು, ಆದರೆ ಕಲಿಯುವಾಗ ಊಟ ವಸತಿಗೆ ದುಡ್ಡಿಲ್ಲ ಎನ್ನುವವರಿಗೆ ಏನಾದರೂ ಇದೆಯಾ?

ತಿಪಟೂರು

ಇದೆ. ರುಡ್‌ಸೆಟ್ ಎಂಬ ಸ್ವಂತ ಉದ್ಯೋಗ ತರಬೇತಿ ಸಂಸ್ಥೆ ಕೇಳಿದ್ದೀರಾ? 1982ರಲ್ಲಿ ಉಜಿರೆಯಲ್ಲಿ ಶುರುವಾಗಿದ್ದು. ಅದೇ ಮಾದರಿಯಲ್ಲಿ ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ಎಂಬ ತರಬೇತಿ ಕೇಂದ್ರಗಳನ್ನು ನಡೆಸುತ್ತವೆ. ಹೊಲಿಗೆ, ಮೊಬೈಲ್ ರಿಪೇರಿ, ದ್ವಿಚಕ್ರ ವಾಹನ ರಿಪೇರಿ, ಮನೆ ವೈರಿಂಗ್ ಹೀಗೆ ಬೇರೆ ಬೇರೆ ತರಬೇತಿ. ಊಟ, ವಸತಿ, ತರಬೇತಿ ಎಲ್ಲ ಉಚಿತ. ನಾನು ಮೋಟರ್ ರಿವೈಂಡಿಂಗ್ ಕಲಿತೆ. ಬೆಳಗ್ಗೆ ಎಲ್ಲರೂ ಸೇರಿ ಅಂಗಳ ಗುಡಿಸಿ, ವ್ಯಾಯಾಮ ಮಾಡಿ, ಸಾಲಾಗಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದೆವು. ಸುಟ್ಟುಹೋದ ಮೋಟರಿಗೆ ನಾನೇ ಸುತ್ತಿದ ತಂತಿ ಹಾಕಿ ಸ್ವಿಚ್ ಒತ್ತಿದಾಗ ಅದು ಗುಂಯ್ ಅಂತ ತಿರುಗಿತು. ಈಗ ಹಳ್ಳಿಗಳಲ್ಲಿ ಬೋರ್‌ವೆಲ್ ಮೋಟರ್ ಕೆಲಸ ಆಗಾಗ ಬರುತ್ತದೆ. ಬೇಸಿಗೆಯಲ್ಲಿ ಜಾಸ್ತಿ, ಮಳೆಗಾಲದಲ್ಲಿ ಇಲ್ಲ. ಕಾಯಂ ಆದಾಯ ಅಂತ ಇನ್ನೂ ಹೇಳಲಾರೆ.

ಸಪ್ತಾಪುರದ ಓದುಗಿತ್ತಿ

ಇಷ್ಟು ಜನ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಎಲ್ಲವನ್ನೂ ರೂಮಿನವರಿಗೆ ಜೋರಾಗಿ ಓದಿ ಹೇಳಿದೆ. ನನ್ನ ಗೆಳತಿಯ ಹುಟ್ಟುಹಬ್ಬ ಮುಂದಿನ ವಾರ ಇದೆ. ಈ ಸಲ ಮಾಡೇ ಮಾಡುತ್ತೇವೆ. ಕೇಕ್ ಬೇಡ, ಲೈನ್ ಬಜಾರಿನಿಂದ ಪೇಡೆ ತರೋಣ ಎಂದಿದ್ದಾಳೆ.

ಕೊಪ್ಪಳದ ಅಕ್ಕ, ನಿಮ್ಮ ಓದಿಗೆ ನನ್ನ ಬಳಿ ಸಾಮಾನ್ಯ ಜ್ಞಾನ ಮತ್ತು ಕನ್ನಡ ವ್ಯಾಕರಣದ ನೋಟ್ಸ್ ಎರಡು ಪ್ರತಿ ಇವೆ. ಬೇಕಾ?

ಕಾಯಕ ಬಂಧು, ಕೊಪ್ಪಳ ಜಿಲ್ಲೆ

ಬೇಕು ತಂಗಿ. ನಮ್ಮ ಊರಿಗೆ ಕೊರಿಯರ್ ಬರುವುದಿಲ್ಲ, ಪೋಸ್ಟ್ ಬರುತ್ತದೆ. ಅರಿವು ಕೇಂದ್ರದ ವಿಳಾಸಕ್ಕೆ ಕಳಿಸಿದರೆ ಊರಿನ ಬೇರೆ ಹುಡುಗಿಯರೂ ಓದುತ್ತಾರೆ. ಅಂಚೆ ಖರ್ಚು ನಾನು ಕೊಡುತ್ತೇನೆ, ಬೇಡ ಅನ್ನಬಾರದು.

ಕ್ಲರ್ಕ್ ಆದವನು

ನನ್ನ ಹಳೆಯ ಪುಸ್ತಕಗಳೂ ಒಂದು ಪೆಟ್ಟಿಗೆ ತುಂಬಾ ಇವೆ. ಗಣಿತ, ರೀಸನಿಂಗ್ ಜಾಸ್ತಿ. ಶನಿವಾರ ಧಾರವಾಡಕ್ಕೆ ಬರುತ್ತಿದ್ದೇನೆ. ನಿಮ್ಮ ರೀಡಿಂಗ್ ರೂಮಿಗೆ ತಂದುಕೊಡಲಾ ತಂಗಿ, ಅಥವಾ ನೇರ ಕೊಪ್ಪಳಕ್ಕೆ ಕಳಿಸಲಾ?

ಸಪ್ತಾಪುರದ ಓದುಗಿತ್ತಿ

ಇಲ್ಲಿಗೇ ತನ್ನಿ ಅಣ್ಣ. ಎರಡನ್ನೂ ಒಂದೇ ಪಾರ್ಸೆಲ್ ಮಾಡಿ ಸೋಮವಾರ ಹೆಡ್ ಪೋಸ್ಟ್ ಆಫೀಸಿನಿಂದ ಕಳಿಸುತ್ತೇನೆ. ಸಂಜೆ ಐದರ ಮೇಲೆ ಬಂದರೆ ಎಲ್ಲರೂ ಇರುತ್ತೇವೆ, ಕೆರೆ ಕಡೆ ನಡೆಯಲು ನೀವೂ ಬನ್ನಿ.